ಪಕ್ಕದ ಮನೆಯವರ ತರ್ಕದೋಷ

ವಿಜಯನಗರದ ಒಂದು ಪಿಯು ಕಾಲೇಜಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ತರ್ಕಶಾಸ್ತ್ರ ಕಲಿಸುತ್ತಿದ್ದೇನೆ. ಕಲಾ ವಿಭಾಗದ ಮಕ್ಕಳು ಈ ವಿಷಯವನ್ನು ಪ್ರೀತಿಯಿಂದ ಆರಿಸಿಕೊಳ್ಳುವುದು ಕಡಿಮೆ. ಮಾರ್ಕ್ಸ್ ಚೆನ್ನಾಗಿ ಬರುತ್ತದೆ ಎಂದು ಹಿಂದಿನ ವರ್ಷದವರು ಹೇಳಿರುತ್ತಾರೆ, ಬಂದು ಕೂರುತ್ತಾರೆ. ಅರ್ಧ ವರ್ಷ ಮುಖ ಬಾಡಿಸಿಕೊಂಡೇ ಇರುತ್ತಾರೆ. ತರ್ಕದೋಷಗಳ ಪಾಠ ಶುರುವಾದ ಮೇಲೆ ಮಾತ್ರ ತರಗತಿಗೆ ಜೀವ ಬರುತ್ತದೆ. ವಾದವನ್ನು ಬಿಟ್ಟು ವಾದ ಮಾಡುವವರನ್ನು ಹಳಿಯುವುದು, ಒಂದಾದ ಮೇಲೆ ಇನ್ನೊಂದು ನಡೆದರೆ ಮೊದಲಿನದೇ ಎರಡನೆಯದಕ್ಕೆ ಕಾರಣ ಅಂದುಬಿಡುವುದು, ಎಲ್ಲರೂ ಮಾಡುತ್ತಾರೆ ಆದ್ದರಿಂದ ಸರಿ ಅನ್ನುವುದು, ಇವೆಲ್ಲ ಅವರವರ ಮನೆಯಲ್ಲಿ ದಿನಾ ನಡೆಯುವಂಥವೇ. ಪಾಠ ಮಾಡಿದ ಮಾರನೆಯ ದಿನ ಯಾರಾದರೂ ಒಬ್ಬಳು ಕೈಯೆತ್ತುತ್ತಾಳೆ.

“ಮಿಸ್, ನಿನ್ನೆ ನಮ್ಮಪ್ಪ ಊಟಕ್ಕೆ ಕೂತಾಗ ಮೂರು ತರ್ಕದೋಷ ಮಾಡಿದ್ರು.”

“ಅಪ್ಪನಿಗೆ ಹೇಳಿದ್ಯಾ?”

“ಹೇಳಿದೆ ಮಿಸ್. ನಾಲ್ಕನೇದೂ ಮಾಡಿದ್ರು.”

ಇಡೀ ತರಗತಿ ನಗುತ್ತದೆ, ನಾನೂ ನಗುತ್ತೇನೆ. ನನಗೆ ನನ್ನ ಕೆಲಸ ಇಷ್ಟ.

ನಮ್ಮ ಮನೆ ಬಸವೇಶ್ವರನಗರದಲ್ಲಿ. ಮಾವ ಕಟ್ಟಿಸಿದ್ದು. ಈಗ ಅದರಲ್ಲಿ ನಾನು, ನನ್ನ ಗಂಡ, ಎಂಬತ್ತು ದಾಟಿದ ಅತ್ತೆ ಇದ್ದೇವೆ. ನಮ್ಮ ಗೇಟಿಗೂ ಪಕ್ಕದವರ ಗೇಟಿಗೂ ನಡುವೆ ಫುಟ್‌ಪಾತಿನ ಮೇಲೆ ಒಂದು ಹೊಂಗೆ ಮರವಿದೆ. ನೆಟ್ಟಿದ್ದು ಪಾಲಿಕೆಯವರಾದರೂ ಬೆಳೆಸಿದ್ದು ಅತ್ತೆ. ಅದು ಮೊಣಕಾಲೆತ್ತರದ ಗಿಡವಾಗಿದ್ದಾಗ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಹೊಯ್ದು, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿ ಕಾದವರು. ಈಗ ಸಂಜೆಯಾದರೆ ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಬೀದಿಯಲ್ಲಿ ಹೋಗುವವರು ಬರುವವರೆಲ್ಲ ಅವರಿಗೊಂದಿಷ್ಟು ಸುದ್ದಿ ಒಪ್ಪಿಸಿಯೇ ಮುಂದೆ ಹೋಗಬೇಕು.

ಪಕ್ಕದ ಮನೆಯವರು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ನಮ್ಮ ಮಿಕ್ಸಿ ಕೆಟ್ಟರೆ, ಫ್ಯಾನು ಗರಗರ ಅಂದರೆ ತಾವಾಗಿಯೇ ಬಂದು ಬಿಚ್ಚಿ ಸರಿಮಾಡಿ ಕೊಡುತ್ತಿದ್ದರು. ಅವರ ಹೆಂಡತಿಯೂ ನಾನೂ ಕಾಂಪೌಂಡಿನ ಮೇಲಿಂದ ಹುಳಿ, ಗೊಜ್ಜು, ಪಲ್ಯ ದಾಟಿಸಿಕೊಂಡು ಎಷ್ಟೋ ವರ್ಷಗಳಾಗಿವೆ. ಹೀಗಿರುವಾಗ ಬೇಸಿಗೆ ಶುರುವಾಗುತ್ತಿದ್ದ ಒಂದು ಭಾನುವಾರ ಬೆಳಗ್ಗೆ ಅವರು ನಮ್ಮ ಗೇಟಿನ ಹತ್ತಿರ ಬಂದು ನಿಂತರು.

“ಮೇಡಂ, ಈ ಮರ ತೆಗೆಸ್ಬೇಕು. ಪಾಲಿಕೇಲಿ ಕೇಳ್ತೀನಿ. ನೀವೂ ಒಪ್ಪಿದ್ರೆ ಬೇಗ ಆಗುತ್ತೆ.”

“ಯಾಕೆ ಸಾರ್?” ಅಂದೆ.

“ಯಾಕಾ? ಇದರ ಕೊಂಬೆ ನಮ್ಮನೆ ಮೇಲೆ ಬಂದಾಗಿಂದ ಒಂದೂ ಒಳ್ಳೇದಾಗಿಲ್ಲ. ಮಗಳಿಗೆ ಗಂಡು ನೋಡ್ತಾನೇ ಇದೀವಿ, ಯಾವುದೂ ಕೂಡಿ ಬರ್ತಿಲ್ಲ. ನನಗೆ ಮಂಡಿ ನೋವು ಶುರುವಾಗಿದ್ದು ಆಮೇಲೇನೇ. ಫ್ರಿಜ್ಜು ಸುಟ್ಟೋಯ್ತು. ಸಂಪಲ್ಲಿ ನೀರು ನಿಲ್ತಿಲ್ಲ. ವಾಸ್ತು ನೋಡೋರನ್ನ ಕರೆಸಿದ್ದೆ, ಈಶಾನ್ಯಕ್ಕೆ ಇಷ್ಟು ದೊಡ್ಡ ಮರ ಭಾರ ಅಂದ್ರು. ದೊಡ್ಡ ಮನುಷ್ಯರು ಅವರು, ದುಬೈಗೆಲ್ಲ ಹೋಗಿ ಹೇಳಿ ಬರ್ತಾರೆ. ಹಿಂದಿನ ಕ್ರಾಸಲ್ಲಿ ನೋಡಿ, ಎಲ್ರೂ ಮರ ತೆಗೆಸಿ ಟೈಲ್ಸ್ ಹಾಕ್ಕೊಂಡಿದಾರೆ.”

ಪಾಠದ ಪುಸ್ತಕವೇ ಎದ್ದು ಬಂದು ಗೇಟಿನಲ್ಲಿ ನಿಂತ ಹಾಗಿತ್ತು. ನನ್ನ ಒಳಗಿನ ಮೇಷ್ಟರು ಎಚ್ಚೆತ್ತುಕೊಂಡರು.

“ಸಾರ್, ಮರ ದೊಡ್ಡದಾದ ಮೇಲೆ ಮಂಡಿ ನೋವು ಬಂತು ಅಂದ್ರಿ. ಮರ ದೊಡ್ಡದಾದ ಹಾಗೆ ನಮಗೂ ವಯಸ್ಸಾಯ್ತಲ್ಲ? ಒಂದಾದ ಮೇಲೆ ಒಂದಾಯ್ತು ಅಂತ ಮೊದಲಿನದೇ ಕಾರಣ ಆಗಲ್ಲ. ಅದು ತರ್ಕದೋಷ. ದುಬೈಗೆ ಹೋಗಿ ಬಂದ್ರೆ ಹೇಳಿದ್ದೆಲ್ಲ ನಿಜ ಆಗುತ್ತಾ? ಅದೂ ದೋಷವೇ. ಎಲ್ರೂ ಕಡಿಸಿದಾರೆ ಅನ್ನೋದು ಇನ್ನೊಂದು ದೋಷ.”

“ಮತ್ತೆ ನೀರು?”

“ಬೇಸಿಗೆ ಸಾರ್. ಯಾರ ಮನೇಲಿ ನೀರು ಸಾಕಾಗ್ತಿದೆ ಹೇಳಿ.”

ಅವರ ಮುಖ ಕೆಂಪಾಯಿತು. “ಒಂದೋ ಈ ಮರ ಇರ್ಬೇಕು, ಇಲ್ಲ ನಾವಿರ್ಬೇಕು,” ಅಂದರು.

“ಎರಡೇ ದಾರಿ ಇರೋದು ಅನ್ಕೊಳ್ಳೋದೂ ಒಂದು ದೋಷವೇ ಸಾರ್,” ಅಂದೆ ನಾನು. ಅವರು ಗೇಟು ಎಳೆದುಕೊಂಡು ಹೋದರು.

ಅತ್ತೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ಸರಿಯಾಗಿ ಹೇಳ್ದೆ ಕಣೇ,” ಎಂದು ನನ್ನ ಬೆನ್ನು ತಟ್ಟಿದರು. “ಅವನೇನು ಮರದ ವಿಚಾರ ಮಾತಾಡೋದು? ಮನೇಲಿದ್ದ ಕರಿಬೇವಿನ ಗಿಡಾನೇ ಒಣಗಿಸಿದೋನು. ಇವತ್ತು ಮರ ಕಡೀಲಿ ಅಂತ ಬಿಟ್ರೆ, ನಾಳೆ ಕಾಂಪೌಂಡ್ ಒಡೀರಿ ಅಂತಾನೆ. ನಾಡಿದ್ದು ಮನೆ ಖಾಲಿ ಮಾಡಿ ಅಂತಾನೆ.”

ನನ್ನ ಗಂಡ ಪೇಪರಿನ ಹಿಂದಿನಿಂದ ಕೇಳಿದರು. “ಅಮ್ಮ ಈಗ ಹೇಳಿದ್ರಲ್ಲ, ಅದರಲ್ಲಿ ಎಷ್ಟು ದೋಷ ಇತ್ತು?”

ಕುಕ್ಕರ್ ಕೂಗಿತು ಎಂದು ನಾನು ಅಡುಗೆಮನೆಗೆ ಹೋದೆ. ಕುಕ್ಕರ್ ಇನ್ನೂ ಇಟ್ಟಿರಲಿಲ್ಲ.

ಆಮೇಲಿನ ದಿನಗಳಲ್ಲಿ ಪಕ್ಕದವರು ನಮ್ಮ ಮನೆಯ ಕಡೆ ತಲೆ ತಿರುಗಿಸುವುದನ್ನೂ ಬಿಟ್ಟರು. ಅತ್ತೆ ಕುರ್ಚಿ ಹಾಕಿ ಕೂತಿದ್ದರೆ ಅವರು ಆಚೆ ಬದಿಯಿಂದ ಸುತ್ತಿಕೊಂಡು ಹಾಲು ತರಲು ಹೋಗುತ್ತಿದ್ದರು. ನನಗೆ ಒಳಗೊಳಗೇ ಕಸಿವಿಸಿ. ವಾದದಲ್ಲಿ ಗೆದ್ದಿದ್ದೆ, ಗೆದ್ದ ಖುಷಿ ಮಾತ್ರ ಹತ್ತಿರ ಸುಳಿಯಲಿಲ್ಲ.

ಒಂದು ಸಂಜೆ ಅವರ ಹೆಂಡತಿ ಒಬ್ಬರೇ ನಮ್ಮ ಮನೆಗೆ ಬಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಾಗಿಲ ಹತ್ತಿರವೇ ನಿಂತು ಮೆಲ್ಲಗೆ ಕೇಳಿದರು.

“ತಪ್ಪು ತಿಳ್ಕೋಬೇಡಿ. ನಮ್ಮನೆಯವರಿಗೆ ಏನೋ ದೋಷ ಇದೆ ಅಂದ್ರಂತೆ. ಅದೂ ಒಂದಲ್ಲ, ನಾಲ್ಕೈದು. ಮಗಳ ಜಾತಕದಲ್ಲಿ ಏನೂ ದೋಷ ಇಲ್ಲ ಅಂತ ಎಲ್ರೂ ಹೇಳಿದ್ರು. ಹಾಗಾದ್ರೆ ಅಪ್ಪನಿಂದಲೇ ಬಂದಿರ್ಬೇಕು ಅನ್ಕೊಂಡೆ. ಏನು ಪರಿಹಾರ? ಶಾಂತಿ ಏನಾದ್ರೂ ಮಾಡಿಸ್ಬೇಕಾ?”

ನನಗೆ ನಗು ಉಕ್ಕಿ ಬಂತು. ಅವರ ಮುಖದಲ್ಲಿದ್ದ ಆತಂಕ ನೋಡಿ ನುಂಗಿಕೊಂಡೆ. ಕೈ ಹಿಡಿದು ಒಳಗೆ ಕರೆತಂದು ಕೂರಿಸಿ ಕಾಫಿ ಕೊಟ್ಟೆ.

“ಅಯ್ಯೋ, ಆ ದೋಷ ಅಲ್ಲ ಕಣ್ರೀ. ಗ್ರಹಗತೀದಲ್ಲ. ನಾವೆಲ್ಲ ಕಾರಣ ಕೊಡುವಾಗ ಮಾಡೋ ತಪ್ಪಿಗೆ ನಮ್ಮ ಪುಸ್ತಕದಲ್ಲಿ ಇಟ್ಟಿರೋ ಹೆಸರು ಅದು. ಒಂದಕ್ಕೆ ಇನ್ನೊಂದು ಸುಮ್ಮನೆ ಗಂಟು ಹಾಕ್ತೀವಲ್ಲ, ಅದು.”

ಅವರು ಒಂದು ಗುಟುಕು ಕಾಫಿ ಕುಡಿದು ಯೋಚಿಸಿದರು. “ಓ, ಅದಾ. ಅದು ಮದುವೆ ಆದಾಗಿಂದಲೂ ಇದೆ ಬಿಡಿ,” ಅಂದರು.

ಒಳಗಿನ ಕೋಣೆಯಲ್ಲಿದ್ದ ಅತ್ತೆ ಮೊದಲು ನಕ್ಕರು. ಆಮೇಲೆ ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹೊರಡುವಾಗ ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ ಒಂದು ಮಾತು ಹೇಳಿದರು. “ಸಂಪಿನದು ಮಾತ್ರ ನಿಜ ಕಣ್ರೀ. ಬೆಳಗ್ಗೆ ತುಂಬಿದ್ರೆ ಸಂಜೆ ಬಟ್ಟೆ ಒಗೆಯೋಕೆ ನೀರಿರಲ್ಲ.” ನಾನು ಹೂಂಗುಟ್ಟಿ ಕಳಿಸಿಕೊಟ್ಟೆ.

ಅದೇ ವಾರ ತರಗತಿಯಲ್ಲಿ ತರ್ಕದೋಷಗಳ ಪಾಠದ ಕೊನೆಯ ಭಾಗಕ್ಕೆ ಬಂದಿದ್ದೆ. ಪ್ರತಿ ವರ್ಷ ಹೇಳುವ ಒಂದು ಎಚ್ಚರಿಕೆಯ ಮಾತು ಅದು. ಬೋರ್ಡಿನ ಮೇಲೆ ಬರೆದೆ: ಕೊಟ್ಟ ಕಾರಣ ಕೆಟ್ಟದ್ದು ಅಂದಮಾತ್ರಕ್ಕೆ ತೀರ್ಮಾನ ಸುಳ್ಳಾಗುವುದಿಲ್ಲ.

“ಅರ್ಥ ಆಗ್ಲಿಲ್ಲ ಮಿಸ್,” ಅಂದಳು ಎರಡನೆಯ ಬೆಂಚಿನ ಹುಡುಗಿ.

“ಹಲ್ಲಿ ಲೊಚಗುಟ್ಟಿತು, ಆದ್ದರಿಂದ ಇವತ್ತು ಮಳೆ ಬರುತ್ತೆ ಅಂತ ಒಬ್ಬ ಹೇಳ್ತಾನೆ. ಕಾರಣ ತಪ್ಪು. ಆದರೂ ಮಳೆ ಬರಬಹುದು.”

“ಇದು ಗೈಡಲ್ಲೇ ಇದೆ ಮಿಸ್. ಬೇರೆ ಹೇಳಿ.”

“ಸರಿ,” ಎಂದು ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಶುರುಮಾಡಿದೆ. “ಒಬ್ಬರ ಮನೆ ಮುಂದೆ ಒಂದು ಮರ ಇದೆ. ಮರದಿಂದ ತಮಗೆ ತೊಂದರೆ ಅಂತ ಅವರು ಹೇಳ್ತಾರೆ. ಕೊಡೋ ಕಾರಣ ಒಂದೂ ಸರಿಯಿಲ್ಲ. ಎಲ್ಲದರಲ್ಲೂ ದೋಷ. ಹಾಗಂತ ಮರದಿಂದ ತೊಂದರೆ...”

ನನ್ನ ಮಾತು ಅಲ್ಲಿಗೆ ನಿಂತಿತು. ಯೋಚಿಸಿ ಆರಿಸಿಕೊಂಡ ಉದಾಹರಣೆಯಲ್ಲ ಅದು, ಬಾಯಿಗೆ ಬಂದದ್ದು. ಮಕ್ಕಳು ಪೆನ್ನು ಹಿಡಿದು ಕಾಯುತ್ತಿದ್ದರು.

“ಇಲ್ಲ ಅಂತ ಹೇಳಕ್ಕಾಗಲ್ಲ. ಅಷ್ಟೇ ಅಲ್ವಾ ಮಿಸ್?” ಅಂದಳು ಆ ಹುಡುಗಿ.

“ಅಷ್ಟೇ,” ಅಂದೆ. ಅವಳು ಬರೆದುಕೊಂಡಳು.

ಆ ದಿನ ಬಸ್ಸಿಗೆ ಕಾಯದೆ ಮನೆಯವರೆಗೂ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಪಕ್ಕದವರು ಹೇಳಿದ್ದನ್ನು ಒಂದೊಂದಾಗಿ ನೆನೆಸಿಕೊಂಡೆ. ಗಂಡು ಸಿಗದ್ದು, ಮಂಡಿ ನೋವು, ಫ್ರಿಜ್ಜು, ವಾಸ್ತು. ಇವುಗಳ ನಡುವೆ ಸಂಪಿನ ನೀರು ಬೇರೆಯೇ ಜಾತಿಯದು. ಮಿಕ್ಕವನ್ನು ನಂಬಬೇಕು ಇಲ್ಲವೇ ಬಿಡಬೇಕು. ಇದನ್ನು ಮಾತ್ರ ಮುಚ್ಚಳ ತೆಗೆದು ಬಗ್ಗಿ ನೋಡಬಹುದು. ಇಷ್ಟೊಂದು ಪೊಳ್ಳು ಕಾರಣಗಳ ಜೊತೆಯಲ್ಲಿ ಬಂದಿದ್ದರಿಂದ ನಾನು ಅದನ್ನೂ ಅವುಗಳ ಗುಂಪಿಗೇ ಸೇರಿಸಿ, ಬೇಸಿಗೆ ಎಂದು ಹೇಳಿ ಮುಗಿಸಿದ್ದೆ. ಬೇಸಿಗೆ ಅನ್ನುವುದಕ್ಕೆ ನನ್ನ ಹತ್ತಿರವೂ ಯಾವ ಆಧಾರವೂ ಇರಲಿಲ್ಲ.

ಕೈಚೀಲ ಮನೆಯಲ್ಲಿಟ್ಟು ನೇರವಾಗಿ ಪಕ್ಕದ ಮನೆಗೆ ಹೋದೆ. ಅವರು ವರಾಂಡದಲ್ಲಿ ಕೂತು ಹಳೆಯ ಟೇಬಲ್ ಫ್ಯಾನು ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

“ಸಾರ್, ಸಂಪಿನ ನೀರಿನ ವಿಚಾರ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಒಂದ್ಸಲ ನೋಡೋಣ್ವಾ?”

“ಇದಕ್ಕೆ ಯಾವ ದೋಷದ ಹೆಸರಿಡ್ತೀರಿ ಮೇಡಂ?”

“ಹೆಸರಿಡೋಕೆ ಬಂದಿಲ್ಲ. ನೋಡೋಕೆ ಬಂದಿದೀನಿ.”

ಅವರು ಬಟ್ಟೆ ಕೆಳಗಿಟ್ಟರು. “ಏನು ನೋಡೋದು?” ಅಂದರು.

“ಕಾವೇರಿ ನೀರು ಬಂದು ಸಂಪು ತುಂಬಿದ ದಿನ ವಾಲ್ವು ಮುಚ್ಚೋಣ. ಮೋಟರ್ ಹಾಕೋದು ಬೇಡ. ನೀರು ಎಲ್ಲಿತನಕ ಇದೆ ಅಂತ ಗುರುತು ಮಾಡಿ, ಮಧ್ಯಾಹ್ನ ನೋಡೋಣ. ಬಳಸದೆ ಇದ್ರೂ ಇಳಿದ್ರೆ, ಸೋರ್ತಿದೆ ಅಂತ ಆಗುತ್ತೆ.”

ಈಗ ಅವರ ಕಣ್ಣಲ್ಲಿ ಬೇರೆಯೇ ಮಿಂಚು ಕಾಣಿಸಿತು. ಕಾರ್ಖಾನೆಯಲ್ಲಿ ಅವರು ಹೀಗೆಯೇ ಇದ್ದಿರಬೇಕು. “ನಿಮ್ಮ ಸಂಪೂ ಹಾಗೇ ಮುಚ್ಚಿಡ್ಬೇಕು ಮೇಡಂ. ಎರಡು ಮನೇನೂ ಕಟ್ಟಿದ್ದು ಒಬ್ಬನೇ ಮೇಸ್ತ್ರಿ. ಅಳತೆ ಒಂದೇ. ನಿಮ್ಮದು ಮನೆ ಹಿಂದಿದೆ, ಮರಕ್ಕೆ ದೂರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ತಾನೇ ಗೊತ್ತಾಗೋದು?”

“ಖಂಡಿತ ಸಾರ್,” ಅಂದೆ. ನನಗೆ ಅದು ಹೊಳೆದಿರಲಿಲ್ಲ ಅಂತಲ್ಲ. ಅವರ ಬಾಯಿಂದ ಬಂದದ್ದು ಹೆಚ್ಚು ಚೆನ್ನಾಗಿತ್ತು.

ಭಾನುವಾರ ಬೆಳಗ್ಗೆ ನೀರು ಬಂತು. ಎರಡೂ ಮನೆಯವರು ಬೇಕಾದಷ್ಟು ನೀರು ಬಕೆಟ್ಟು, ಕೊಳಗಗಳಲ್ಲಿ ಹಿಡಿದಿಟ್ಟುಕೊಂಡೆವು. ಪಕ್ಕದವರು ಎರಡೂ ಸಂಪುಗಳ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಗೆರೆ ಎಳೆದರು. ಅತ್ತೆಗೆ ಕಾವಲಿನ ಕೆಲಸ. “ಯಾರೂ ಮೋಟರ್ ಸ್ವಿಚ್ ಮುಟ್ಟಬಾರದು,” ಎಂದು ಮಗನಿಗೂ ಗದರಿಸಿ, ಸ್ವಿಚ್ ಬೋರ್ಡಿನ ಕೆಳಗೇ ಕುರ್ಚಿ ಹಾಕಿಕೊಂಡು ಕೂತರು. ಅಷ್ಟು ದಿನದ ಮೇಲೆ ಮೊದಲ ಬಾರಿಗೆ ಅವರೇ ಪಕ್ಕದವರನ್ನು ಮಾತಾಡಿಸಿದರು. “ತಿಂಡಿ ಆಯ್ತೇನಪ್ಪ?” ಅಂದರು. “ಆಯ್ತಮ್ಮ,” ಅಂದರು ಅವರು.

ಊಟದ ಹೊತ್ತಿಗೆ ಹೋಗಿ ನೋಡಿದೆವು. ನಮ್ಮ ಸಂಪಿನ ನೀರು ಗೆರೆಗೆ ಅಂಟಿಕೊಂಡ ಹಾಗೆ ನಿಂತಿತ್ತು. ಅವರದರಲ್ಲಿ ಒಂದು ಗೇಣು ಇಳಿದಿತ್ತು.

“ನೋಡಿದ್ರಾ? ಮರ!” ಅಂದರು ಅವರು.

“ಇನ್ನೂ ಮರ ಅಂತ ಆಗಿಲ್ಲ ಸಾರ್. ಸೋರ್ತಿದೆ ಅಂತ ಆಯ್ತು.”

ಹಿಂದಿನ ಸಲದ ಹಾಗೆ ಕೆರಳುತ್ತಾರೇನೋ ಅಂದುಕೊಂಡೆ. ಅವರು ತಲೆಯಾಡಿಸಿದರು. “ಹೌದು. ಬರೀ ಬಿರುಕೂ ಇರ್ಬಹುದು. ಖಾಲಿ ಮಾಡಿ ಇಳಿದೇ ನೋಡ್ಬೇಕು.”

ಮುಂದಿನ ವಾರ ನೀರೆಲ್ಲ ಮೇಲಿನ ಟ್ಯಾಂಕಿಗೆ ಹತ್ತಿಸಿ, ಮುಚ್ಚಳ ಬೆಳಗಿನಿಂದ ತೆರೆದಿಟ್ಟು, ಏಣಿ ಇಳಿಸಿದರು. ಅವರ ಮಂಡಿಗೆ ಏಣಿ ಆಗುವಂತಿರಲಿಲ್ಲ. ನನ್ನ ಗಂಡ ಪ್ಯಾಂಟು ಮಡಚಿಕೊಂಡು ಟಾರ್ಚು ಹಿಡಿದು ಇಳಿದರು. ನಾವೆಲ್ಲ ಮೇಲೆ ಸುತ್ತ ಬಗ್ಗಿ ನಿಂತಿದ್ದೆವು. ಒಂದಿಷ್ಟು ಹೊತ್ತು ಬರೀ ಕಾಲಿನ ಸಪ್ಪಳ. ಆಮೇಲೆ ಅವರ ದನಿ ಡಬ್ಬದೊಳಗಿಂದ ಬಂದ ಹಾಗೆ ಬಂತು.

“ಮೂಲೇಲಿ ಜಡೆ ಇದ್ದಂಗಿದೆ ಕಣೇ! ಹೆಣ್ಮಕ್ಕಳ ಜಡೆ!”

ಮೊಬೈಲಿನಲ್ಲಿ ಚಿತ್ರ ತೆಗೆದು ಮೇಲೆ ತಂದು ತೋರಿಸಿದರು. ಮರದ ಕಡೆಯ ಮೂಲೆಯಲ್ಲಿ ಗೋಡೆ ಸೀಳಿತ್ತು. ಆ ಸೀಳಿನಿಂದ ಕೂದಲಿನಂಥ ಕಂದು ಬೇರುಗಳು ಸಾವಿರಾರು ಒಳಗೆ ಬಂದು, ಒಂದಕ್ಕೊಂದು ಹೆಣೆದುಕೊಂಡು ನೆಲದವರೆಗೂ ಇಳಿಬಿದ್ದಿದ್ದವು. ನೋಡಲು ಚೆಂದವಾಗಿಯೂ ಇತ್ತು.

ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ನಾನು ಹಾಕಿದ ಅಕ್ಕಿ ನೀರು ಸಾಲ್ದೆ ನಿಮ್ಮನೇಗೆ ಬಂದಿದೆ ನೋಡಪ್ಪ,” ಅಂದರು. ಪಕ್ಕದವರಿಗೆ ನಗು ತಡೆಯಲಾಗಲಿಲ್ಲ.

“ನೀವು ಹೇಳಿದ್ದೇ ಸರಿ ಸಾರ್. ಮರದಿಂದ ತೊಂದರೆ ಇತ್ತು,” ಅಂದೆ.

“ಇತ್ತು. ಆದ್ರೆ ನಾನು ಹೇಳಿದ ಕಾರಣಕ್ಕಲ್ಲ ಬಿಡಿ ಮೇಡಂ,” ಅಂದರು.

ಇಷ್ಟು ಚಿಕ್ಕ ಮಾತು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅತ್ತೆ ಮಾತ್ರ ನಿಂತೇ ಇದ್ದರು. ಮುಂದಿನ ಮಾತು ಏನು ಬರುತ್ತದೋ ಎಂದು ಅವರ ಮುಖ ಬಿಗಿಯಾಗಿತ್ತು. ಮರ ಸಂಪನ್ನು ಒಡೆದಿದೆ ಅಂದ ಮೇಲೆ ಮರ ಹೋಗಬೇಕು ಅನ್ನುವುದು ತಾನೇ ಉಳಿದಿರುವುದು ಎಂದು ಅವರು ಲೆಕ್ಕ ಹಾಕಿದ್ದರು. ಅದು ಹಾಗೇನೂ ಆಗಬೇಕಿಲ್ಲ ಎಂದು ನಾನು ಬಾಯಿ ತೆರೆಯುವ ಮೊದಲೇ ಪಕ್ಕದವರು ಇದ್ದಿಲ ತುಂಡೊಂದನ್ನು ತೆಗೆದುಕೊಂಡು ಅಂಗಳದ ಕಲ್ಲಿನ ಮೇಲೆ ಗೆರೆ ಎಳೆಯತೊಡಗಿದ್ದರು.

“ನೋಡಿ, ಇದು ಮರ, ಇದು ಸಂಪು. ಈ ಕಡೆ ಬಂದಿರೋ ಬೇರು ಮಾತ್ರ ಕತ್ತರಿಸೋದು. ಮಧ್ಯೆ ಗುಂಡಿ ತೆಗೆದು ಚಪ್ಪಡಿ ಕಲ್ಲು ನಿಲ್ಲಿಸೋದು, ಬೇರು ಮತ್ತೆ ಈ ಕಡೆ ತಿರುಗಬಾರದು. ಸಂಪಿಗೆ ಒಳಗಿಂದ ಹೊಸದಾಗಿ ಗಾರೆ. ಎಷ್ಟು ಬೇರು ಕತ್ತರಿಸಿದ್ರೆ ಮರ ಬೀಳಲ್ಲ ಅಂತ ಪಾಲಿಕೆಯ ಮರದವರನ್ನೇ ಕೇಳೋಣ. ಫ್ಯಾಕ್ಟರೀಲಿ ಮೆಷೀನು ಸದ್ದು ಮಾಡ್ತು ಅಂತ ನಾವೇನು ಗುಜರಿಗೆ ಹಾಕ್ತಿದ್ವಾ?”

ಮರ ಇರಬೇಕು ಇಲ್ಲ ನಾವಿರಬೇಕು ಅಂದವರೇ ಮೂರನೆಯ ದಾರಿಯನ್ನು ಕಲ್ಲಿನ ಮೇಲೆ ಬರೆದು ತೋರಿಸುತ್ತಿದ್ದರು. ನಾನು ಅವರಿಗೆ ಎರಡೇ ದಾರಿ ಅನ್ನುವುದು ದೋಷ ಎಂದು ಹೇಳಿದಾಗ ಅವರಿಗೆ ಮೂರನೆಯದು ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ. ದೋಷಕ್ಕೆ ಹೆಸರಿಡುವುದು ಗೊತ್ತಿತ್ತು, ಅಷ್ಟೇ. ಅವರ ನೀರು ಎಲ್ಲಿ ಹೋಗುತ್ತಿದೆ ಎಂದು ಒಟ್ಟಿಗೆ ಹುಡುಕಿದ ಮೇಲೆ ದಾರಿ ತಾನಾಗಿಯೇ ಕಂಡಿತ್ತು.

ಪಾಲಿಕೆಯಿಂದ ಬಂದವರು ಮರದ ಬುಡ ಸುತ್ತಿ ನೋಡಿ, ಒಂದು ಪಕ್ಕದ ಬೇರು ಸ್ವಲ್ಪ ತೆಗೆದರೆ ಮರಕ್ಕೆ ಅಪಾಯವಿಲ್ಲ, ಆ ಕಡೆಯ ಭಾರದ ಕೊಂಬೆಯನ್ನೂ ಇಳಿಸಿ ಅಂದರು. ದೀಪಾಂಜಲಿ ನಗರದಿಂದ ಗಾರೆಯವರು ಬಂದು ಕೆಲಸ ಮಾಡಿದರು. ಆ ದಿನಗಳಲ್ಲಿ ಪಕ್ಕದ ಮನೆಗೆ ನಮ್ಮ ಸಂಪಿನಿಂದಲೇ ಪೈಪು ಎಳೆದೆವು. ಕಾಂಪೌಂಡಿನ ಮೇಲೆ ಗೊಜ್ಜು, ಹುಳಿಯ ಓಡಾಟ ಮತ್ತೆ ಶುರುವಾಯಿತು. ಹೊಸ ಗಾರೆ ಒಣಗಿದ ಮೇಲೆ ಮೊದಲ ಸಲ ನೀರು ತುಂಬಿಸಿ ಗುರುತು ಮಾಡಿದರು. ಸಂಜೆಗೆ ನೀರು ಗುರುತಿನಲ್ಲೇ ನಿಂತಿತ್ತು. ಪಕ್ಕದವರು ನಮ್ಮ ಮೂವರನ್ನೂ ಕರೆಸಿ, ಮುಚ್ಚಳ ತೆಗೆದು ತೋರಿಸಿ, ಕೇಸರಿಬಾತು ಕೊಟ್ಟರು.

ಕಾಲೇಜಿನಲ್ಲಿ ಈಗ ನಾನು ಆ ಪಾಠವನ್ನು ಸ್ವಲ್ಪ ಬೇರೆ ಥರ ಮಾಡುತ್ತೇನೆ. ಯಾರಾದರೂ ಅಪ್ಪನ ತರ್ಕದೋಷ ಹಿಡಿದುಕೊಂಡು ಬಂದರೆ ನಗುವುದೇನೂ ನಿಂತಿಲ್ಲ. ನಕ್ಕ ಮೇಲೆ ಒಂದು ಕೆಲಸ ಕೊಡುತ್ತೇನೆ. ಅಪ್ಪ ಹೇಳಿದ ತೀರ್ಮಾನಕ್ಕೆ ಅಪ್ಪನಿಗಿಂತ ಒಳ್ಳೆಯ ಕಾರಣ ನೀನು ಕೊಡು, ಆಮೇಲೂ ನಿಲ್ಲದಿದ್ದರೆ ಆಗ ಬೀಳಿಸು. ಅನ್ನಪೂರ್ಣೇಶ್ವರಿ ನಗರದಿಂದ ಬರುವ ಒಬ್ಬಳು ಹುಡುಗಿ ಸ್ಕೂಟರ್ ಕೊಡಿಸಲ್ಲ ಅನ್ನುವ ತನ್ನ ಅಪ್ಪನ ಪರವಾಗಿ ವಾದ ಕಟ್ಟಿಕೊಂಡು ಬಂದಳು. ಓದಿ ಮುಗಿಸಿ, “ಮಿಸ್, ನಮ್ಮ ರೋಡ್ ಅಗೆದಿರೋದು ನಿಜವಾಗ್ಲೂ ಡೇಂಜರ್ರೇ. ಅಪ್ಪ ಅದನ್ನ ಹೇಳೇ ಇಲ್ಲ. ಪಕ್ಕದ ಮನೆ ಹುಡುಗ ಬಿದ್ದ ಅಂತ ಮಾತ್ರ ಹೇಳ್ತಿದ್ರು,” ಅಂದಳು. ರೋಡು ಮುಚ್ಚಿದ ಮೇಲೆ ಮತ್ತೆ ಕೇಳುತ್ತಾಳಂತೆ.

ನಮ್ಮ ಬೀದಿಯಲ್ಲಿ ಒಂದು ವಾದ ಮಾತ್ರ ಇನ್ನೂ ನಡೆಯುತ್ತಲೇ ಇದೆ. ಬೇರು ನುಗ್ಗಿದ್ದರಿಂದ ಸಂಪು ಬಿರುಕು ಬಿಟ್ಟಿತು ಎಂದು ಪಕ್ಕದವರು. ಮೇಸ್ತ್ರಿ ಸರಿಯಾಗಿ ಕಟ್ಟದೆ ಬಿರುಕು ಮೊದಲೇ ಬಿಟ್ಟಿತ್ತು, ನೀರಿನ ತೇವ ಹುಡುಕಿಕೊಂಡು ಬೇರು ಆಮೇಲೆ ಬಂತು ಎಂದು ಅತ್ತೆ. ಈಗ ಮರದ ಕೆಳಗೆ ಎರಡು ಕುರ್ಚಿ ಬೀಳುತ್ತವೆ. ಸಂಜೆ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಇಬ್ಬರೂ ಜೋರಿನಲ್ಲಿರುತ್ತಾರೆ.

“ಮೇಡಂ, ನೀವೇ ಹೇಳಿ, ಯಾವುದು ಮೊದಲು?”

ಎರಡು ಕಡೆಯ ವಾದವೂ ಚೆನ್ನಾಗಿದೆ. ನೋಡಿ ತೀರ್ಮಾನಿಸಲು ಹಳೆಯ ಗೋಡೆಯಂತೂ ಈಗ ಗಾರೆಯ ಹಿಂದೆ ಹೋಗಿದೆ. “ಗೊತ್ತಿಲ್ಲ ಸಾರ್,” ಎಂದು ನಿಜವನ್ನೇ ಹೇಳಿ, ಅವರಿಬ್ಬರಿಗೂ ಕಾಫಿ ಮಾಡಲು ಒಳಗೆ ಹೋಗುತ್ತೇನೆ.